ಬಿಳಿಯಾಗಿಯೇ ಉಳಿದ ಪಟ್ಟಿ

ಡಾಕ್ಟರು ನನ್ನ ತಂಗಿ ಕಸ್ತೂರಿಯ ದವಡೆಯ ಕೆಳಗೆ ಜೆಲ್ ಹಚ್ಚಿ ಸ್ಕ್ಯಾನಿಂಗ್ ಮಾಡುತ್ತಿದ್ದರು. ರಕ್ತಸಂಬಂಧಿಯೊಬ್ಬರು ಜೊತೆಗಿರಲೇಬೇಕೆಂಬ ನಿಯಮ ಇಲ್ಲದಿದ್ದರೆ ನಾನು ಬರುತ್ತಿರಲಿಲ್ಲ. ನಾಲ್ಕು ವರ್ಷಗಳಿಂದ ನಮ್ಮಿಬ್ಬರಿಗೆ ಮಾತಿಲ್ಲ.

ಅವ್ವನ ಎರಡೆಳೆ ಸರ ಕಳೆದ ದಿನ, ಎಲ್ಲರ ಮನೆಯಲ್ಲಿ ಮಾಡುವಂತೆ ನಾವೂ ಒಬ್ಬೊಬ್ಬರ ನಾಲಿಗೆಗೆ ನಿಜ-ಸುಳ್ಳು ನೋಡುವ ಕಾಗದದ ಪಟ್ಟಿ ಇಟ್ಟು ಕೇಳಿದ್ದೆವು. ನಿಜ ಹೇಳಿದವರ ಪಟ್ಟಿ ಒದ್ದೆಯಾಗಿ ನೀಲಿಗೆ ತಿರುಗುತ್ತದೆ. ಸುಳ್ಳು ಹೇಳಿದವರ ಬಾಯಿ ಒಣಗುವುದರಿಂದ ಅದು ಬಿಳಿಯಾಗಿಯೇ ಉಳಿಯುತ್ತದೆ. "ನಾ ತಗೊಂಡಿಲ್ಲ" ಎಂದ ಕಸ್ತೂರಿಯ ಪಟ್ಟಿ ಬಿಳಿಯಾಗಿಯೇ ಇತ್ತು. ಅವಳು ನೀರಿನ ಬಾಟಲಿಗೆ ಕೈ ಹಾಕಿದಳು. ಮೋಸ ಮಾಡುತ್ತಿದ್ದಾಳೆಂದು ನಾನೇ ಅದನ್ನು ಕಸಿದುಕೊಂಡು ಅವಳನ್ನು ಮನೆಯಿಂದ ಹೊರಗೆ ಹಾಕಿದ್ದೆ.

ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಬೂದು ಬಣ್ಣದ ಗ್ರಂಥಿಯ ತುಂಬ ಕಪ್ಪು ತೂತುಗಳು, ಹುಳ ತಿಂದ ಬದನೆಕಾಯಿಯ ಹಾಗೆ.

"ಇವರ ದೇಹಾನ ಇವರ ಜೊಲ್ಲಿನ ಗ್ರಂಥಿ ತಿಂದೈತ್ರಿ. ರಕ್ತದ ರಿಪೋರ್ಟೂ ಅದನ್ನ ಹೇಳ್ತೈತಿ. ಐದಾರು ವರ್ಷದ ರೋಗ ಇರಬೇಕು. ಇವರು ತಮ್ಮ ಹೆಸರು ಹೇಳಿದ್ರೂ ಪಟ್ಟಿ ಬಿಳೀನ ಇರ್ತೈತಿ."

ಕಸ್ತೂರಿ ನನ್ನ ಕಡೆ ನೋಡದೆ ಕುತ್ತಿಗೆಯ ಜೆಲ್ ಒರೆಸಿಕೊಂಡಳು.

ನರ್ಸ್ ನನಗೊಂದು ಪಟ್ಟಿ ಕೊಟ್ಟಳು. ರಿಪೋರ್ಟ್ ಒಯ್ಯುವವರು ಸಂಬಂಧ ಏನೆಂದು ಹೇಳಬೇಕು.

"ನಾ ಇಕಿ ಅಕ್ಕ" ಎಂದು ಪಟ್ಟಿಯನ್ನು ನಾಲಿಗೆಗೆ ಇಟ್ಟುಕೊಂಡೆ. ಬಿಳಿಯಾಗಿಯೇ ಉಳಿಯಿತು. ಇನ್ನೊಂದು ಪಟ್ಟಿ ಇಸಿದುಕೊಂಡು ಮತ್ತೆ ಹೇಳಿದೆ. ಅದೂ ಬಿಳಿ.

ಕಸ್ತೂರಿ ತನ್ನ ಬಾಟಲಿಯ ಮುಚ್ಚಳ ತೆಗೆದು ನನ್ನ ಕೈಗಿಟ್ಟಳು.

"ನೀರು ಕುಡಿ ಅಕ್ಕಾ," ಎಂದಳು. "ಆಮ್ಯಾಲೆ ಹೇಳು."