ತಕ್ಕಡಿ ಸೇತ್‌ಖಾನನ ಮೂರು ಪರೀಕ್ಷೆ

ಸೇಬು ಹೋಗಿ ತುರಾರನ ಬಲಗಿವಿಗೆ ಬಡಿಯಿತು. ಅವನು ಕಣ್ಣು ಪಿಳುಕಿಸಿದ್ದು ಬಡಿದ ಮೇಲೆ.

“ಹಿಡ್ಕೋತೀಯ ಅಂದ್ಕೊಂಡಿದ್ದೆ, ತಮ್ಮಾ,” ಎಂದ ಸೇತ್‌ಖಾನ್, ಜಮಖಾನದ ಮೇಲೆ ಉರುಳಿದ ಸೇಬನ್ನು ಹೆಕ್ಕುತ್ತ. ಒಳಗೊಳಗೇ ಹಿಗ್ಗಿದ್ದ.

“ಬಂದಿದ್ದೇ ಕಾಣಲಿಲ್ಲ ಅಣ್ಣಾ,” ಎಂದು ತುರಾರ್ ಕಿವಿ ಉಜ್ಜಿಕೊಂಡ.

ಶಿಮ್ಕೆಂತ್‌ನ ಬಾಕ್ಸರುಗಳಿಗೆ ಎದುರಾಳಿ ಹುಡುಕುವುದು ಇಪ್ಪತ್ತೆರಡು ವರ್ಷದಿಂದ ಸೇತ್‌ಖಾನನ ಕೆಲಸ. ಕುದುರೆ ಕೊಳ್ಳುವವನು ಹಲ್ಲು ನೋಡುವಂತೆ ಅವನು ಬಾಕ್ಸರನ ಕಣ್ಣು, ಕತ್ತು, ಕಾಲು ನೋಡಿ ಬೆಲೆ ಹೇಳುತ್ತಿದ್ದ. ಒಮ್ಮೆಯೂ ತಪ್ಪಿಲ್ಲವೆಂದು ಜನ ಅವನನ್ನು ತಕ್ಕಡಿ ಎಂದೇ ಕರೆಯುತ್ತಿದ್ದರು. ತಪ್ಪಿದೆ ಎಂದವನ ಕೊರಳಪಟ್ಟಿ ಹಿಡಿಯುತ್ತಿದ್ದನಾದ್ದರಿಂದ ಆ ಹೆಸರು ಉಳಿದಿತ್ತು.

ಈ ಸಲ ಮಾತ್ರ ತಪ್ಪುವಂತೆಯೇ ಇರಲಿಲ್ಲ. ಅವನು ಬೆಳೆಸಿದ ಮದಿಯಾರ್ ಹದಿನೇಳು ಪಂದ್ಯದಲ್ಲಿ ಒಂದನ್ನೂ ಸೋತವನಲ್ಲ. ವಸಂತದಲ್ಲಿ ಅಸ್ತಾನಾದಲ್ಲಿ ಪಟ್ಟಕ್ಕಾಗಿ ಹೊಡೆದಾಡಬೇಕು. ಅದಕ್ಕೆ ಮೊದಲು ಹೆಸರಿರುವವನೊಬ್ಬನನ್ನು ಕೆಡವದಿದ್ದರೆ ಸ್ಪರ್ಧಿಗಳ ಪಟ್ಟಿಯಲ್ಲಿ ಕೆಳಗೆ ಜಾರುತ್ತಾನೆ. ಆದರೆ ಹೋದ ತಿಂಗಳು ಅಭ್ಯಾಸದಲ್ಲಿ ಅವನ ಬಲಗೈ ಗೆಣ್ಣಿನ ಮೂಳೆ ಬಿರುಕುಬಿಟ್ಟಿತ್ತು. ಎಡಗೈಯೊಂದರಲ್ಲೇ ಗೆಲ್ಲಬೇಕು. ವಿಷಯ ಮೂವರಿಗೆ ಗೊತ್ತು: ಮದಿಯಾರನಿಗೆ, ವೈದ್ಯನಿಗೆ, ಸೇತ್‌ಖಾನನಿಗೆ. ಸೇತ್‌ಖಾನ್ ತನ್ನ ಹೆಂಡತಿಯ ಮುಂದೂ ಬಾಯಿಬಿಟ್ಟಿರಲಿಲ್ಲ.

ಹಾಗಾಗಿ ಬೇಕಾಗಿದ್ದವನು ಹೆಸರು ಗಟ್ಟಿಯಿದ್ದು ಮೈ ಟೊಳ್ಳಾದವನು. ಕೆಂತೌ ಊರಿನ ತುರಾರ್ ಅಂಥವನೆಂದು ಸುದ್ದಿ ಬಂದಿತ್ತು; ತೂಗಿ ನೋಡಲು ಸೇತ್‌ಖಾನ್ ಅವನ ಮನೆಗೇ ಬಂದಿದ್ದ. ವಯಸ್ಸು ಮೂವತ್ತಾರು. ಗೋಡೆ ತುಂಬ ಪದಕ. ಬಜಾರಿನಲ್ಲಿ ಮುದುಕರು ಈಗಲೂ ಎದ್ದು ನಿಂತು ಅವನ ಕೈ ಹಿಡಿಯುತ್ತಿದ್ದರು.

ಎರಡನೇ ಪರೀಕ್ಷೆ. ಸೇತ್‌ಖಾನ್ ಪಕ್ಕಕ್ಕೆ ಸರಿದು, ತುರಾರನ ಬಲಗಿವಿಯ ಹಿಂದೆ ಚಮಚ ಬೀಳಿಸಿದ. ತುರಾರ್ ತಿರುಗಲಿಲ್ಲ.

ನಾಟಕವೇ ಎಂಬ ಅನುಮಾನ ಒಮ್ಮೆ ಸುಳಿಯಿತು. ಆದರೆ ಬಾಕ್ಸರುಗಳು ಆಡುವುದು ಗಟ್ಟಿಮುಟ್ಟಾಗಿರುವ ನಾಟಕ. ಅರ್ಧ ಕುರುಡನಾದವನೊಬ್ಬ ಕಣ್ಣಾಸ್ಪತ್ರೆಯ ಅಕ್ಷರಗಳನ್ನು ಬಾಯಿಪಾಠ ಮಾಡಿ ಬಂದದ್ದನ್ನು ಸೇತ್‌ಖಾನ್ ಕಂಡಿದ್ದ. ಇರುವ ಕಣ್ಣನ್ನು ಇಲ್ಲವೆನ್ನುವ ಪೆದ್ದನನ್ನು ಕಂಡಿರಲಿಲ್ಲ.

ತುರಾರನ ಹೆಂಡತಿ ಗುಲ್ಸಿಮ್ ಪಾಠ ಹೇಳಲು ಶಾಲೆಗೆ ಹೋಗಿದ್ದರಿಂದ ಚಹಾ ಬಗ್ಗಿಸಿಕೊಟ್ಟವನು ಅವನೇ. ಪ್ರತಿ ಸಲವೂ ಅರ್ಧ ಬಟ್ಟಲು, ಅತಿಥಿಗೆ ಸಲ್ಲಬೇಕಾದಂತೆ. ತುಂಬಿ ಕೊಟ್ಟರೆ ಇನ್ನು ಹೊರಡಿ ಎಂದ ಹಾಗೆ. ಸೇತ್‌ಖಾನ್ ಏಳು ಬಟ್ಟಲು ಕುಡಿದ. ಹಾಸಿದ ಬಿಳಿ ಬಟ್ಟೆಯ ಮೇಲೆ ತುರಾರ್ ಒಂದು ಹನಿಯೂ ಚೆಲ್ಲಲಿಲ್ಲ. ಪಾಪ, ಮರ್ಯಾದೆ ಬಲ್ಲವನು, ಎಂದುಕೊಂಡ.

ಒಪ್ಪಂದಕ್ಕೆ ಸಹಿ ಹಾಕುವಾಗ ತುರಾರನ ಕೈ ಗಡಗಡ ನಡುಗಿತು. ಸೇತ್‌ಖಾನ್ ಕರುಣೆಯಿಂದ ಮುಖ ತಿರುಗಿಸಿಕೊಂಡ.

ಮೂರನೆಯದು ಬಾಗಿಲಲ್ಲಿ. ಅಕ್ಕರೆಗೆಂಬಂತೆ ಅವನ ಬಲಭುಜಕ್ಕೆ ಒಂದು ಗುದ್ದು ಕೊಟ್ಟ. ತುರಾರ್ ತೂರಾಡಿ ಬಾಗಿಲವಾಡ ಹಿಡಿದುಕೊಂಡ.

“ನಿಮ್ಮ ಹುಡುಗನ ಆಟ ನಾನು ನೋಡೇ ಇಲ್ಲ ಅಣ್ಣಾ,” ಎಂದ. “ನೀವು ಬಂದಿದ್ದು ಒಳ್ಳೇದಾಯ್ತು.”

ಪಂದ್ಯದ ದಿನ ಮೊದಲ ಗಂಟೆ ಬಾರಿಸಿದ್ದೇ ತುರಾರ್ ತನ್ನ ಬಲಗೈ ಗವುಸನ್ನು ಬಲಗೆನ್ನೆಗೆ ಒತ್ತಿಕೊಂಡ, ಹಲ್ಲುನೋವು ಬಂದವನ ಹಾಗೆ. ಎದುರಿನವನ ಎಡಗೈ ಬೀಳುವ ಜಾಗವೇ ಅದು. ಮದಿಯಾರ್ ಬೀಸಿದ್ದೆಲ್ಲ ಆ ಗವುಸಿಗೇ ಬಿತ್ತು. ಮುಖದ ಎಡಭಾಗವನ್ನು ತುರಾರ್ ಬಾಗಿಲು ತೆಗೆದಿಟ್ಟಂತೆ ಬಿಟ್ಟಿದ್ದ. ನಾಲ್ಕನೇ ಸುತ್ತಿನಲ್ಲಿ ಮದಿಯಾರನಿಗೆ ಆಸೆ ತಡೆಯಲಾಗಲಿಲ್ಲ. ಬಲಗೈ ಬೀಸಿದ, ನೋವಿಗೆ ತಾನೇ ಮುದುರಿದ. ಅಷ್ಟರಲ್ಲಿ ತುರಾರನ ಎಡಗೈ ಅವನ ದವಡೆ ಸೇರಿತ್ತು. ಹತ್ತು ಎಣಿಸಿದರೂ ಮದಿಯಾರ್ ಏಳಲಿಲ್ಲ.

ಸೇತ್‌ಖಾನ್ ಮೊದಲು ವೈದ್ಯನನ್ನು ಹುಡುಕಿ ಬಾಯಿಗೆ ಬಂದಂತೆ ಬೈದ. ತಾನು ಯಾರಿಗೂ ಹೇಳಿಲ್ಲವೆಂದು ಅವನು ತಾಯಾಣೆ ಹಾಕಿದ. ಆಮೇಲೆ ಸೇತ್‌ಖಾನ್ ತುರಾರ್ ಬಟ್ಟೆ ಬದಲಿಸುತ್ತಿದ್ದ ಕೋಣೆಗೆ ನುಗ್ಗಿದ.

“ಯಾರೋ ಹೇಳಿದಾರೆ ನಿಂಗೆ. ಹೆಸರು ಹೇಳು. ಅವನ ನಾಲಿಗೆ ಕೀಳ್ತೀನಿ.”

ಗುಲ್ಸಿಮ್ ತಂದಿದ್ದ ಚಹಾವನ್ನು ತುರಾರ್ ಬಟ್ಟಲಿಗೆ ಬಗ್ಗಿಸಿದ. ಕೈ ಕಂಪಿಸಲಿಲ್ಲ. ಬಟ್ಟಲು ಅಂಚಿನವರೆಗೂ ತುಂಬಿತು. ಎರಡೂ ಕೈಯಲ್ಲಿ ಅದನ್ನು ಸೇತ್‌ಖಾನನ ಮುಂದೆ ಹಿಡಿದ.

“ನೀವೇ ಹೇಳಿದ್ರಿ ಅಣ್ಣಾ. ಸೇಬು ಬಲಗಡೆಯಿಂದ ಬಂತು, ಚಮಚ ಬಲಗಡೆ ಬಿತ್ತು, ಗುದ್ದಿದ್ದೂ ಬಲಭುಜಕ್ಕೆ. ನನ್ನ ಎಡಗಡೆಗೆ ಕೂತಿದ್ದ ನೊಣಾನೂ ನೀವು ಓಡಿಸಲಿಲ್ಲ.”