ಮೊಣಕೈ ತಾಗಿದ ಮಿನ್ಯುಯೆಟ್

ಗಾಸ್ಪಾರನ ಪಿಟೀಲಿನ ಕಮಾನು ಕೆಳಗಿಳಿಯುವ ಹೊತ್ತಿಗೆ ಒತ್ತಾವಿಯೋನ ಕಮಾನು ಮೇಲೇರಿತು. ಮೊಣಕೈಗೆ ಮೊಣಕೈ ತಾಗಿ ಗಾಸ್ಪಾರನ ವಿಗ್ಗು ಮೂಗಿನವರೆಗೆ ಜಾರಿತು. ಜರ್ಮನಿಯ ಆ ಪುಟ್ಟ ಅರಮನೆಯಲ್ಲಿ ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಸ್ವರದ ಹಾಳೆ.

“ಪ್ರತಿ ತಾಳದ ಮೊದಲ ಪೆಟ್ಟಿಗೂ ಕಮಾನು ಇಳೀಬೇಕು ಕಣಯ್ಯ. ಪ್ಯಾರಿಸ್ಸಲ್ಲಿ ಮಕ್ಕಳಿಗೂ ಗೊತ್ತು,” ಎಂದ ಗಾಸ್ಪಾರ.

“ಸೌದೆ ಸೀಳಿದ ಹಾಗಿರುತ್ತೆ. ವೆನಿಸ್ಸಲ್ಲಿ ನಾವು ಸ್ವರಾನ ಬಳುಕಿಸ್ತೀವಪ್ಪ,” ಎಂದ ಒತ್ತಾವಿಯೋ.

ನೃತ್ಯ ಕಲಿಸುವ ಮುದುಕಿ ಹೆಡ್ವಿಗ್ ಕೋಲು ಕುಟ್ಟಿದಳು. “ಸಂಜೆ ರಾಜಕುಮಾರಿ ಮದುವೇಲಿ ಮಿನ್ಯುಯೆಟ್ ಕುಣಿತ. ನೀವಿಬ್ರೂ ರಾಜಿ ಆಗ್ದಿದ್ರೆ ದೊರೆ ಇಬ್ರನ್ನೂ ಊರಿಗೆ ಅಟ್ತಾರೆ. ಮೊದಲಿಂದ ನುಡಿಸಿ,” ಎಂದು ಕೋಲಿನಿಂದ ತಾಳ ಹಾಕತೊಡಗಿದಳು.

ಗಾಸ್ಪಾರ ಅಣಕಿಸಲೆಂದೇ ಇಟಲಿಯವರಂತೆ ಒಂದೊಂದು ಸ್ವರವನ್ನೂ ಸುತ್ತಿಸಿ, ಬಳುಕಿಸಿ ನುಡಿಸಿದ. ಒತ್ತಾವಿಯೋ ಬಿಟ್ಟಾನೆಯೇ? ಫ್ರೆಂಚರಂತೆ ಎದೆ ಸೆಟೆಸಿ, ಪ್ರತಿ ತಾಳದ ಮೊದಲ ಪೆಟ್ಟಿಗೂ ಕಮಾನು ಇಳಿಸಿದ. ಒಬ್ಬರನ್ನೊಬ್ಬರು ಗೇಲಿ ಮಾಡುವ ಭರದಲ್ಲಿ, ಆ ಬಳುಕೂ ಈ ಪೆಟ್ಟೂ ಸೊಗಸಾಗಿ ಹೆಣೆದುಕೊಂಡದ್ದಾಗಲಿ, ಕೋಲಿನ ಸದ್ದು ನಿಂತದ್ದಾಗಲಿ ಇಬ್ಬರಿಗೂ ತಿಳಿಯಲಿಲ್ಲ.

ತಲೆಯೆತ್ತಿದರೆ ಕೋಲು ನೆಲದ ಮೇಲೆ ಬಿದ್ದಿತ್ತು. ಹೆಡ್ವಿಗ್ ಲಂಗ ಎತ್ತಿ ಹಿಡಿದು, ಕಣ್ಣು ಮುಚ್ಚಿ, ಒಬ್ಬಳೇ ಕುಣಿಯುತ್ತಿದ್ದಳು. ಪಿಟೀಲುಗಳು ತಡವರಿಸಿದವು.

“ನಿಲ್ಲಿಸ್ಬೇಡ್ರೋ,” ಎಂದಳು ಅವಳು, ಕಣ್ಣು ತೆರೆಯದೆ. “ಸಂಜೆ ಕುಣಿತ ಮುಗಿಯೋವರೆಗೂ ದಯವಿಟ್ಟು ರಾಜಿ ಮಾತ್ರ ಆಗ್ಬೇಡಿ.”