ಹದಿನೈದು ಮೀಟರ್ ಕೆಳಗೆ

ಅಜರ್ ಮೋಸ ಮಾಡಿದ್ದಾನೆ ಎಂಬುದರಲ್ಲಿ ಭಾನುಪ್ರಿಯಳಿಗೆ ಅನುಮಾನವೇ ಇರಲಿಲ್ಲ. ಹೇಗೆ ಎಂಬುದಷ್ಟೇ ಗೊತ್ತಾಗಬೇಕಿತ್ತು.

ನೇತ್ರಾಣಿ ದ್ವೀಪದ ಹವಳದ ಮೀನುಗಳನ್ನು ಎಣಿಸುವ ತಂಡ ಅವಳದು. ಡೈವಿಂಗ್ ಕಲಿತ ಸ್ವಯಂಸೇವಕರು ಬೇಕೆಂದಾಗ ಚನ್ನಪಟ್ಟಣದಿಂದ ಬಂದವನು ಅಜರ್. ನಲವತ್ತೆರಡು ವಯಸ್ಸು. ಮರದ ಗೊಂಬೆಗಳಿಗೆ ಅರಗಿನ ಬಣ್ಣ ಹಾಕುವ ಕಸುಬು.

"ಇಪ್ಪತ್ತು ವರ್ಷದಿಂದ ಮೀನು ಮಾಡ್ತಾವ್ನಿ ಮೇಡಂ, ಒಂದೂ ಈಜ್ಲಿಲ್ಲ. ಎಲ್ಲಿ ತಪ್ತು ಅಂತ ಒಸಿ ನೋಡ್ಕಂಡು ಹೋಗಾನ ಅಂತ ಬಂದೆ."

ಮೊದಲ ದಿನ ದಡದಲ್ಲೇ ಪರೀಕ್ಷೆ. ಪರದೆಯ ಮೇಲೆ ಮೀನಿನ ಮೈಯ ಅಂಗೈಯಗಲದ ತುಂಡು ಮೂಡುತ್ತಿತ್ತು, ಹೆಸರು ಬರೆಯಬೇಕು. ಅಜರನಿಗೆ ಇಪ್ಪತ್ತಕ್ಕೆ ಆರು. ಕೆಂಪು ಅಳಿಲುಮೀನನ್ನು ಹಸಿರು ಗಿಳಿಮೀನು ಎಂದು ಬರೆದಿದ್ದ.

"ನಮ್ ಕೇರಿ ಕತ್ತೆ ಬಂದಿದ್ರೆ ಏಳು ತಗೀತಿತ್ತು," ಎಂದು ತಾನೇ ಮೊದಲು ನಕ್ಕ.

ಎರಡನೇ ದಿನದ ಪರೀಕ್ಷೆ ಸಮುದ್ರದೊಳಗೆ, ಹದಿನೈದು ಮೀಟರ್ ಆಳದಲ್ಲಿ, ಈಜುವ ಮೀನುಗಳನ್ನೇ ನೋಡಿ. ಅಷ್ಟು ಆಳಕ್ಕೆ ಕೆಂಪು ಬೆಳಕು ಇಳಿಯದು, ಅಲ್ಲಿ ಎಲ್ಲವೂ ಒಂದೇ ನೀಲಿ, ಬೂದಿ. ಎಲ್ಲರೂ ತಡಕಾಡಿದರು. ನೀರೊಳಗೆ ಬರೆಯುವ ಅಜರನ ಹಲಗೆಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತು. ಅವನ ಜೊತೆ ಇಳಿದಿದ್ದ ದಿವ್ಯಳಿಗೆ ಹನ್ನೊಂದು. ಅವಳದನ್ನು ನೋಡಿ ಬರೆಯಲು ಸಾಧ್ಯವಿರಲಿಲ್ಲ. ಹಾಗಾದರೆ ಉಡುಪಿನ ತೋಳಿನೊಳಗೆ ಮೀನುಗಳ ಚಿತ್ರದ ಪ್ಲಾಸ್ಟಿಕ್ ಚೀಟಿ ಇರಬೇಕು.

"ಹೇಗೆ ಮಾಡಿದಿರಿ?" ದೋಣಿಯಲ್ಲೇ ಕೇಳಿದಳು.

"ನೀರೊಳಗೆ ಬುದ್ಧಿ ಬತ್ತದೆ ಮೇಡಂ. ಮ್ಯಾಲೆ ಬಂದ್ರೆ ಹೊಂಟೋಯ್ತದೆ."

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಸುಳ್ಳು ಎಣಿಕೆಗಾರ ಒಬ್ಬ ಸೇರಿದರೂ ಐದು ವರ್ಷದ ಕೆಲಸ ಹಾಳು. ಅವನ ಪ್ರಮಾಣಪತ್ರಕ್ಕೆ ಸಹಿ ಹಾಕಲಿಲ್ಲ. ಅವನೂ ವಾದಿಸಲಿಲ್ಲ, ಮುಖ ಸಣ್ಣದು ಮಾಡಿಕೊಂಡು ಬಸ್ಸು ಹತ್ತಿದ.

ಹದಿನೈದು ದಿನದ ನಂತರ ಅವಳೇ ಚನ್ನಪಟ್ಟಣಕ್ಕೆ ಬಂದಳು. ಅಜರ್ ಲೇತಿನ ಮುಂದೆ ಕೂತಿದ್ದ. ಹೆಂಡತಿ ಕೆಹಕಶಾನ್ ಪಕ್ಕದಲ್ಲಿ ಕೂತು, ಅರಗಿನ ಕಡ್ಡಿಗಳನ್ನು ಒಂದೊಂದಾಗಿ ಅವನ ಕೈಗಿಡುತ್ತಿದ್ದಳು.

"ನೀರೊಳಗೆ ತೆಗೆದಿದ್ದ ವಿಡಿಯೋ ಹತ್ತು ಸಲ ನೋಡಿದೆ," ಎಂದಳು ಭಾನುಪ್ರಿಯ. "ಚೀಟಿ ಇರಲಿಲ್ಲ. ಅನುಮಾನ ಪಟ್ಟಿದ್ದು ನನ್ನ ತಪ್ಪು. ಆದರೆ ಹೇಗೆ ಅಂತ ಗೊತ್ತಾಗದೆ ಸಹಿ ಹಾಕೋಕೆ ಮನಸ್ಸು ಬರ್ತಿಲ್ಲ."

ಅಜರ್ ಲೇತ್ ನಿಲ್ಲಿಸಿದ. "ಹೇಳಿದ್ರೆ ಈ ಬೀದೀಲಿ ನನ್ ಕಸುಬು ನಗೆಪಾಟ್ಲಾಯ್ತದೆ ಮೇಡಂ."

ಕೆಹಕಶಾನ್ ಎದ್ದು ಬಾಗಿಲು ಮುಂದೆ ಮಾಡಿದಳು. "ಹೇಳ್ಬುಡಿ. ಇಷ್ಟ್ ವರ್ಷ ಮುಚ್ಚಿಟ್ಟಿದ್ದು ಸಾಕು."

ಅವನು ಅಂಗೈಗೆ ಅಂಟಿದ್ದ ಅರಗನ್ನು ಉಜ್ಜಿಕೊಂಡ. ನಗಲು ನೋಡಿದ, ಆಗಲಿಲ್ಲ.

"ಕೆಂಪು, ಹಸ್ರು ಎಲ್ಡೂ ನಂಗೆ ಹುಟ್ಟಿದಾಗ್ಲಿಂದ ಒಂದೇ ಮೇಡಂ, ಆ ನೀರೊಳಗೆ ನೀವೆಲ್ಲ ನನ್ನಂಗೇ ಆಗೋಯ್ತೀರಿ, ಬಣ್ಣ ಬಿಟ್ಟು ಆಕಾರ ನೋಡಿ ಗುರ್ತಿಸೋದು ನಂಗೆ ಮಾತ್ರ ಅಭ್ಯಾಸ ಐತೆ."